ಆಸ್ಪತ್ರೆಗೆ ಜೊತೆ ಹೋದವರು ಮಂಗಳೂರಲ್ಲಿ ಎಲ್ಲಿ ಉಣ್ಣಬೇಕು

ಚೆನ್ನಪ್ಪ ಮೇಸ್ತ್ರಿಯ ಆಪರೇಶನ್ ಮಂಗಳವಾರದಿಂದ ಶುಕ್ರವಾರಕ್ಕೆ ಹೋದದ್ದು ಒಂದು ಲೋಟ ಹಾಲು ಹಾಕಿದ ಕಾಫಿಯಿಂದ. ಬೇರೆ ಯಾವ ಕಾರಣವೂ ಇಲ್ಲ. ಎಸ್ಟೇಟಿನ ಆಳುಗಳ ಲೈನುಮನೆಗಳಲ್ಲಿ ಈಗಲೂ ಒಬ್ಬರು ಡಾಕ್ಟರು ಊರಲ್ಲಿರಲಿಲ್ಲ ಅನ್ನುತ್ತಾರೆ, ಇನ್ನೊಬ್ಬರು ಕರೆಂಟು ಹೋಗಿತ್ತು ಅನ್ನುತ್ತಾರೆ, ಮೇಸ್ತ್ರಿಯ ಭಾವಮೈದ ಯಾರೋ ಮಾಟ ಮಾಡಿಸಿದ್ದು ಅನ್ನುತ್ತಾನೆ. ಜೊತೆಗಿದ್ದವಳು ನಾನು. ಡಾಕ್ಟರು ಇದ್ದರು. ಕರೆಂಟೂ ಇತ್ತು. ಮಾಟದ ವಿಷಯ ನನಗೆ ಗೊತ್ತಿಲ್ಲ.

ನನ್ನ ಹೆಸರು ಸೀತಮ್ಮ. ಬಣಕಲ್ ಹತ್ತಿರದ ಒಂದು ಕಾಫಿ ಎಸ್ಟೇಟಿನ ಡಿಸ್ಪೆನ್ಸರಿಯಲ್ಲಿ ಆಯಾ ಆಗಿದ್ದೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ನಾನು ಬಿಟ್ಟ ಕೆಲಸಕ್ಕೆ ಈಗ ಸವಿತ ಎನ್ನುವ ಹುಡುಗಿ ಬಂದಿದ್ದಾಳೆ, ನರ್ಸಿಂಗ್ ಓದಿದವಳು. ಮೊನ್ನೆ ಮನೆಗೆ ಬಂದು, "ಅಜ್ಜಿ, ಪೇಶೆಂಟ್ ಕರ್ಕೊಂಡು ಮಂಗ್ಳೂರಿಗೆ ಹೋದಾಗ ನೀವು ಎಲ್ಲಿ ಊಟ ಮಾಡ್ತಿದ್ರಿ? ಫೋನಲ್ಲಿ ಹುಡುಕಿದ್ರೆ ರಾಶಿ ಹೋಟೆಲ್ ಬರ್ತವೆ, ಯಾವ್ದಕ್ಕೆ ಹೋಗೋದು ಅಂತ ಗೊತ್ತಾಗಲ್ಲ" ಎಂದಳು. ಹೇಳಿದೆ. ಬರೆದುಕೊಡಿ ಎಂದಳು. ಬರೆದಿದ್ದೇನೆ. ಅಕ್ಷರ ತಿದ್ದಿದವಳು ನನ್ನ ಮೊಮ್ಮಗಳು. ಮಾತು ತಿದ್ದಬೇಡ ಎಂದು ಹೇಳಿದ್ದೇನೆ.

ಡಿಸ್ಪೆನ್ಸರಿ ಆಯಾ ಎಂದರೆ ಗಾಯ ತೊಳೆಯುವವಳು, ಮಾತ್ರೆ ಹಂಚುವವಳು ಎಂದು ಹೊರಗಿನವರು ತಿಳಿದಿರುತ್ತಾರೆ. ಅದು ಮಧ್ಯಾಹ್ನದೊಳಗೆ ಮುಗಿಯುವ ಕೆಲಸ. ಉಳಿದದ್ದು ಕಾಂಪೌಂಡರು ಕೈಚೆಲ್ಲಿದ ಮೇಲೆ ಶುರುವಾಗುತ್ತದೆ. ಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದವರು, ಹಾವು ಕಚ್ಚಿಸಿಕೊಂಡವರು, ಹೆರಿಗೆ ಕಷ್ಟವಾದವರು, ಎಲ್ಲರನ್ನೂ ಜೀಪಿನಲ್ಲಿ ಹಾಕಿಕೊಂಡು ಚಾರ್ಮಾಡಿ ಘಾಟಿ ಇಳಿಯಬೇಕು. ಬೆಂಗಳೂರು ನಮಗೆ ದೂರ. ನಮ್ಮ ಪಾಲಿನ ದೊಡ್ಡ ಊರು ಮಂಗಳೂರು. ಈಗ ಆಂಬುಲೆನ್ಸ್ ಬಂದಿದೆ. ಆಗ ಜೀಪಿನ ಹಿಂದಿನ ಸೀಟು, ತಿರುವು ತಿರುವಿಗೂ ರೋಗಿಯ ತಲೆ ನನ್ನ ತೊಡೆಗೆ, ನನ್ನ ತಲೆ ಜೀಪಿನ ಕಂಬಿಗೆ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಕಾಂಪೌಂಡರ್ ಶೇಷಪ್ಪನವರು ಒಂದು ಮಾತು ಹೇಳಿದ್ದರು. "ರೋಗೀನ ನೋಡಾಕೆ ಅಲ್ಲಿ ಡಾಕ್ಟ್ರು ಇದ್ದಾರೆ ಸೀತಾ. ಜೊತೇಲಿ ಬಂದವ್ರನ್ನ ನೋಡಾಕೆ ಯಾರೂ ಇಲ್ಲ. ನೀನು ಅವ್ರಿಗೆ ಊಟ ಹಾಕ್ಸು, ಸಾಕು." ಇದೆಂಥ ಕೆಲಸ ಎಂದುಕೊಂಡೆ. ನಾನು ಬ್ಯಾಂಡೇಜ್ ಕಟ್ಟುವುದರಲ್ಲಿ ಚುರುಕಾಗಿದ್ದೆ, ನನ್ನನ್ನು ಅಡುಗೆಯವಳ ಲೆಕ್ಕಕ್ಕೆ ಹಾಕಿದರಲ್ಲ ಎಂದು ಸಿಟ್ಟೂ ಬಂದಿತ್ತು.

ಆಮೇಲೆ ಒಬ್ಬನಿಗೆ ಕಳೆ ತೆಗೆಯುವಾಗ ಹಾವು ಕಚ್ಚಿತು. ಅವನ ತಮ್ಮನೂ ನಾನೂ ಜೊತೆಗೆ ಹೋದೆವು. ಆಸ್ಪತ್ರೆಯಲ್ಲಿ ಮದ್ದು ಕೊಟ್ಟರು, ಅಣ್ಣ ಎದ್ದು ಕೂತು ಉಪ್ಪಿಟ್ಟು ಕೇಳಿದ. ತಮ್ಮ ಮಾತ್ರ ಮನೆ ಬಿಟ್ಟಾಗಿನಿಂದ ಏನೂ ತಿಂದಿರಲಿಲ್ಲ. ಅಣ್ಣ ಬದುಕಿದ ಸುದ್ದಿ ಕೇಳಿ ಖುಷಿಯಲ್ಲಿ ಮೆಟ್ಟಿಲಿಳಿದವನು ತಲೆ ತಿರುಗಿ ಬಿದ್ದ, ಮುಂದಿನ ಹಲ್ಲು ಮುರಿಯಿತು, ಅದೇ ವಾರ್ಡಿನಲ್ಲಿ ಅವನಿಗೂ ಒಂದು ಹಾಸಿಗೆ ಆಯಿತು. ವಾಪಸ್ ಬರುವಾಗ ಹಾವು ಕಚ್ಚಿದವನು ಚೀಲ ಹೊತ್ತುಕೊಂಡು ತಮ್ಮನ ತೋಳು ಹಿಡಿದಿದ್ದ. ಶೇಷಪ್ಪನವರು ಡಿಸ್ಪೆನ್ಸರಿ ಬಾಗಿಲಲ್ಲಿ ನಿಂತು, "ಹಾವು ಕಚ್ಚಿದ್ದು ಯಾರಿಗೆ ಮಾರಾಯ್ತಿ?" ಎಂದರು. ಅವತ್ತಿನಿಂದ ನಾನು ಊರು ಸೇರಿದ ಕೂಡಲೇ ಮೊದಲು ನೋಡುವುದು ಹೋಟೆಲು.

ಹೋಟೆಲು ನೋಡುವುದು ಎಂದರೆ ಬೋರ್ಡು ನೋಡುವುದಲ್ಲ. ಆಸ್ಪತ್ರೆಯ ಗೇಟಿನಿಂದ ನಡೆದೇ ಹೋಗಿ ಬರುವಷ್ಟು ಹತ್ತಿರ ಇರಬೇಕು. ಹೆಂಗಸರಿಗೆ ಕಕ್ಕಸು ಇರಬೇಕು. ಇದನ್ನು ಫೋನು ಹೇಳುವುದಿಲ್ಲ. ಕೂತವರು ತಟ್ಟೆ ಮುಂದೆ ಇಟ್ಟುಕೊಂಡು ಅತ್ತರೆ ಏಳಿಸಬಾರದು. ಮಂಗಳೂರಿನ ಆಸ್ಪತ್ರೆಗಳ ಸುತ್ತ ಇರುವ ಹಳೇ ಹೋಟೆಲಿನವರಿಗೆ ಅದು ಅಭ್ಯಾಸವಾಗಿದೆ. ಅಳುವವರ ಮೇಜಿಗೆ ಎರಡನೇ ಸಲ ಸಾರು ತಂದು ಸುರಿದು, ಮಾತಾಡದೆ ಹೋಗುತ್ತಾರೆ. ಅಷ್ಟು ಗೊತ್ತಿದ್ದರೆ ಸಾಕು.

ಆಸ್ಪತ್ರೆ ಕ್ಯಾಂಟೀನಿಗೆ ಹೋಗಬೇಡಿ. ಊಟ ಕೆಟ್ಟದ್ದು ಎಂದಲ್ಲ, ಸುಮಾರಾಗಿರುತ್ತದೆ. ಆದರೆ ಅಲ್ಲಿ ಕೂತವರೆಲ್ಲ ರೋಗದ ಮಾತೇ ಆಡುತ್ತಾರೆ. ನಿಮ್ಮ ರೋಗಿಗೆ ಇರುವ ಕಾಯಿಲೆಯಲ್ಲೇ ಸತ್ತವರ ಕತೆ ಹೇಳುವವನೊಬ್ಬ ಪಕ್ಕದ ಮೇಜಿನಲ್ಲಿ ಇದ್ದೇ ಇರುತ್ತಾನೆ.

ಎಸಿ ಹೋಟೆಲಿಗೂ ಬೇಡ. ಎಸ್ಟೇಟಿನ ಲೆಕ್ಕ ಬರೆಯುವ ನಮ್ಮ ರೈಟರ್ ಹೇಳಿದರೆಂದು ಒಂದು ಸಲ, ಗಂಡನನ್ನು ಆಪರೇಶನ್ನಿಗೆ ಬಿಟ್ಟ ಒಬ್ಬ ಹೆಂಗಸನ್ನು ಹಂಪನಕಟ್ಟೆಯಲ್ಲಿ ಮಹಡಿ ಮೇಲಿನ ಒಂದು ಎಸಿ ಹೋಟೆಲಿಗೆ ಕರೆದುಕೊಂಡು ಹೋದೆ. ಹಾಡುಹಗಲಲ್ಲಿ ಒಳಗೆ ಕತ್ತಲೆ, ಮೇಜಿಗೊಂದು ಸಣ್ಣ ದೀಪ. ಅವಳು ಬಾಗಿಲಲ್ಲೇ ನಿಂತು, "ಸೀತಕ್ಕ, ಇಲ್ಲಿ ಯಾರು ಹೋಗ್ಬಿಟ್ಟಿದ್ದಾರೆ?" ಎಂದು ಕೇಳಿದಳು. ಯಾರೂ ಇಲ್ಲ, ದೊಡ್ಡವರು ಹೀಗೇ ಉಣ್ಣುವುದು ಎಂದೆ. ಅವಳು ನಂಬಲಿಲ್ಲ. ಸೆರಗು ಬಾಯಿಗೆ ಇಟ್ಟುಕೊಂಡು ಕೆಳಗಿಳಿದುಬಿಟ್ಟಳು. ಹೊರಗೆ ರಸ್ತೆ ಬದಿಯಲ್ಲಿ ಬಾಳೆಹಣ್ಣು ಕೊಡಿಸಿದೆ.

ನಾನು ಹೆಚ್ಚು ಹೋಗುತ್ತಿದ್ದದ್ದು ಗಂಜಿ ಹೋಟೆಲಿಗೆ. ಆಸ್ಪತ್ರೆಯ ಹಿಂದಿನ ಗಲ್ಲಿಯಲ್ಲಿದೆ, ಬೋರ್ಡು ಇಲ್ಲ, ಎದುರಿಗೆ ಸೈಕಲ್ ರಿಪೇರಿ ಅಂಗಡಿ. ನಡೆಸುವವಳು ನನ್ನ ವಯಸ್ಸಿನ ಹೆಂಗಸು. ಕುಚ್ಚಲಕ್ಕಿ ಗಂಜಿ, ತೆಂಗಿನಕಾಯಿ ಚಟ್ನಿ, ಮಾವಿನ ಮಿಡಿ. ನಮ್ಮ ಕಡೆಯವರು ಮೊದಲ ದಿನ ಆ ದಪ್ಪ ಅನ್ನ ನೋಡಿ ಮುಖ ತಿರುಗಿಸುತ್ತಾರೆ. "ಇದು ಬೇಯ್ಲಿಲ್ಲ" ಅನ್ನುತ್ತಾರೆ. ಬೆಂದಿದೆ, ಅದು ಇರುವುದೇ ಹಾಗೆ. ಎರಡನೇ ದಿನ ಸುಮ್ಮನೆ ಉಣ್ಣುತ್ತಾರೆ. ಮೂರನೇ ದಿನ ನನಗಿಂತ ಮೊದಲು ಹೋಗಿ ಕೂತಿರುತ್ತಾರೆ. ದುಃಖದಲ್ಲಿದ್ದವರಿಗೆ ಅಗಿಯುವುದೂ ಕಷ್ಟ. ಗಂಜಿಯಾದರೆ ಇಳಿಯುತ್ತದೆ.

ಇನ್ನು ಮೇಸ್ತ್ರಿಯ ವಿಷಯ.

ಚೆನ್ನಪ್ಪ ಮೇಸ್ತ್ರಿಗೆ ಹರ್ನಿಯಾ ಇತ್ತು. ತೊಡೆಯ ಸಂದಿಯಲ್ಲಿ ಕರುಳು ಇಳಿದು ಕಿತ್ತಳೆಯಷ್ಟು ಉಬ್ಬಿಕೊಂಡಿತ್ತು. ಅದನ್ನು ಒಳಕ್ಕೆ ಒತ್ತಿ, ಪಂಚೆಯ ಅಂಚು ಹರಿದು ಬಿಗಿಯಾಗಿ ಕಟ್ಟಿಕೊಂಡು ಎಷ್ಟೋ ವರ್ಷದಿಂದ ತೋಟದ ಆಳುಗಳಿಂದ ಕೆಲಸ ಮಾಡಿಸುತ್ತಿದ್ದರು. ಶೇಷಪ್ಪನವರು ರಿಟೈರ್ ಆದರು, ಇನ್ನೊಬ್ಬರು ಬಂದರು, ಇಬ್ಬರೂ ಹೇಳಿದರು, ಕೇಳಲಿಲ್ಲ. ಕೊನೆಗೆ ಆ ವರ್ಷ ಮೇ ತಿಂಗಳಲ್ಲಿ ನೋವು ತಡೆಯಲಾರದೆ ಬಗ್ಗಿದರು. ಮಂಗಳೂರಿನ ಡಾಕ್ಟರು ನೋಡಿ, "ಮಳೆಗಾಲಕ್ಕೆ ಮೊದಲು ಮಾಡಿಸಿಬಿಡಿ. ಇದು ಸಿಕ್ಕಿಹಾಕಿಕೊಂಡರೆ ಕರುಳು ಸಾಯ್ತದೆ. ಆಗ ನಿಮ್ಮ ಘಾಟಿ ಬಂದ್ ಇದ್ದರೆ ನಾನು ಎಂತ ಮಾಡ್ಲಿಕ್ಕೂ ಆಗುವುದಿಲ್ಲ" ಎಂದರು. ಮೇಸ್ತ್ರಿಗೆ ಅರ್ಥವಾಯಿತು, ಆದರೆ ಒಪ್ಪಿಗೆಯಾಗಲಿಲ್ಲ. ಮಳೆಗೆ ಮೊದಲು ಕಾಫಿಗಿಡಕ್ಕೆ ಔಷಧಿ ಹೊಡೆಸುವ ಕೆಲಸ ಅವರದ್ದು. ಅದೂ ಮೇ ತಿಂಗಳಲ್ಲೇ ಮುಗಿಯಬೇಕು.

ಸೋಮವಾರ ಸೇರಿಸಿದೆವು. ಆ ಡಾಕ್ಟರು ಆಪರೇಶನ್ ಮಾಡುವುದು ಮಂಗಳವಾರ ಮತ್ತು ಶುಕ್ರವಾರ. ಏನೂ ತಿನ್ನಬಾರದು, ಕುಡಿಯಬಾರದು ಎಂದು ನರ್ಸು ಬಂದು ಹೇಳಿದಳು. ನಾನೂ ಹೇಳಿದೆ. ಮಂಗಳವಾರ ಬೆಳಿಗ್ಗೆ ನಾನು ಸ್ನಾನ ಮಾಡಿ ಬರುವಷ್ಟರಲ್ಲಿ ನರ್ಸು ಮತ್ತೆ ಬಂದು ಮೇಸ್ತ್ರಿಯನ್ನು ಕೇಳುತ್ತಿದ್ದಳು.

"ಎಂತದಾದರೂ ತಿಂದಿದ್ದೀರಾ?"

"ಇಲ್ಲಮ್ಮ. ಒಂದು ಅಗುಳೂ ಇಲ್ಲ."

"ಕುಡಿದದ್ದು?"

"ಎಂತದೂ ಇಲ್ಲ."

"ನೀರು, ಚಾ, ಕಾಫಿ ಎಂತದೂ ಇಲ್ಲ ಅಲ್ಲ?"

"ಕಾಫಿ ಕುಡ್ದೆ."

ನರ್ಸು ಕೈಯಲ್ಲಿದ್ದ ಸೂಜಿ ಕೆಳಗಿಟ್ಟಳು. "ಆಗ ಇಲ್ಲ ಅಂತ ಹೇಳಿದಿರಲ್ಲ!"

"ಅಯ್ಯ, ಕಾಫೀನೂ ಒಂದು ಕುಡಿಯೋದಾ? ಶಿವರಾತ್ರಿ ಉಪವಾಸಕ್ಕೂ ಕುಡೀತೀವಿ ನಾವು. ಖಾಲಿ ಹೊಟ್ಟೇಲೇ ಕುಡ್ದಿದ್ದು, ಬೇಕಾದ್ರೆ ಸೀತಕ್ಕನ್ನ ಕೇಳು."

ಅವರು ಸುಳ್ಳು ಹೇಳಲಿಲ್ಲ. ನಮ್ಮ ಕಡೆ ಕಾಫಿಯನ್ನು ಯಾರೂ ಹೊಟ್ಟೆಗೆ ಹೋದದ್ದು ಎಂದು ಎಣಿಸುವುದಿಲ್ಲ. ಎದ್ದು ಮುಖ ತೊಳೆದಂತೆ ಅದು. ಮೇಸ್ತ್ರಿ ಗೇಟಿನ ಹತ್ತಿರ ಹೋಗಿ, ದೊಡ್ಡ ಲೋಟದಲ್ಲಿ, ಹಾಲು ಜಾಸ್ತಿ ಹಾಕಿಸಿಕೊಂಡು ಕುಡಿದು ಬಂದಿದ್ದರು. ಆಪರೇಶನ್ನಿಗೆ ಶಕ್ತಿ ಬೇಕಲ್ಲ ಎಂದು. ಡಾಕ್ಟರು ಬಂದರು. ಹೊಟ್ಟೆಯಲ್ಲಿ ಹಾಲು ಇರುವಾಗ ಮತ್ತು ಬರಿಸಿ ಮಲಗಿಸಿದರೆ ವಾಂತಿ ಶ್ವಾಸಕ್ಕೆ ಹೋಗಿ ಪ್ರಾಣ ಹೋಗಬಹುದು ಎಂದರು. ಬೈಯಲಿಲ್ಲ. ಶುಕ್ರವಾರ ಎಂದು ಹೇಳಿ ಮುಂದಿನ ಹಾಸಿಗೆಗೆ ಹೋದರು. ಮಧ್ಯಾಹ್ನದೊಳಗೆ ನಮ್ಮ ಹಾಸಿಗೆ ಬೇರೆಯವರದ್ದಾಯಿತು. ಗುರುವಾರ ಸಂಜೆ ಬಂದು ಮತ್ತೆ ಸೇರಬೇಕು.

ಈಗ ನನಗೆ ನಿಜವಾದ ಕಷ್ಟ ಬಂತು. ಮೇಸ್ತ್ರಿ ಅಲ್ಲಿಯವರೆಗೆ ಊರಿಗೆ ಹೋಗಿ ಬರೋಣ ಎಂದರು. ಆ ಮನುಷ್ಯ ಒಂದು ಸಲ ಘಾಟಿ ಹತ್ತಿದರೆ ಮತ್ತೆ ಇಳಿಯುವವರಲ್ಲ. ಔಷಧಿ ಹೊಡೆಸುವುದರಲ್ಲಿ ಮಳೆ ಬರುತ್ತದೆ, ಮಳೆಯಲ್ಲಿ ಡಾಕ್ಟರು ಹೇಳಿದ್ದು ಆಗುತ್ತದೆ. ಇದು ನನಗೆ ಕಣ್ಣಿಗೆ ಕಟ್ಟಿದ ಹಾಗಿತ್ತು. ಅವರ ಹೆಂಡತಿ ಸುಶೀಲ ಊರಲ್ಲಿದ್ದಳು, ದನ ಕರು ಬಿಟ್ಟು ಬರುವ ಹಾಗಿರಲಿಲ್ಲ. ಹಿಡಿದು ಕೂರಿಸಲು ಇದ್ದವಳು ನಾನೊಬ್ಬಳೇ. ಆಸ್ಪತ್ರೆಯ ಎದುರಿನ ಛತ್ರದಲ್ಲಿ ನಮಗೆ ಬೇರೆ ಬೇರೆ ಜಾಗ ಹಿಡಿದೆ.

ಮಂಗಳವಾರ ಗಂಜಿ ಹೋಟೆಲಿಗೆ ಕರೆದುಕೊಂಡು ಹೋದೆ. ಎಲ್ಲರ ಹಾಗೆ ಅವರೂ ಬೇಯಲಿಲ್ಲ ಎಂದರು. ಹೋಟೆಲಿನ ಹೆಂಗಸು ಸೌಟು ಹಿಡಿದುಕೊಂಡೇ, "ಗಂಡಸರೇ, ಬೇಯದ್ದು ಅನ್ನ ಅಲ್ಲ, ನಿಮ್ಮ ತಲೆ" ಎಂದಳು. ನಾನು ಹೆದರಿದೆ, ಎದ್ದು ಹೋಗುತ್ತಾರೇನೋ ಎಂದು. ಮೇಸ್ತ್ರಿಗೆ ಖುಷಿಯಾಯಿತು. ಇಪ್ಪತ್ತು ಜನ ಆಳುಗಳನ್ನು ಬೈದು ದುಡಿಸುವವರು, ಅವರನ್ನು ಬೈಯುವವರು ಸಿಕ್ಕಿರಲಿಲ್ಲ. ಸಂಜೆ ತಾವೇ ಅಲ್ಲಿಗೆ ಹೋಗೋಣ ಎಂದರು.

ಬುಧವಾರ ಬೆಳಿಗ್ಗೆ ಮ್ಯಾನೇಜರ್ ಫೋನ್ ಮಾಡಿದರು. ಅವರು ಹೊಸಬರು, ಕೆಟ್ಟವರಲ್ಲ, ಆದರೆ ತಲೆಯಲ್ಲಿ ತೋಟ ಬಿಟ್ಟು ಬೇರೆ ಇಲ್ಲ.

"ಆಪರೇಶನ್ ಆಗಿಲ್ಲ ಅಂದ್ರೆ ಅಲ್ಲಿ ಕೂತು ಎಂತ ಮಾಡ್ತೀರಿ ಸೀತಮ್ಮ? ಮೇಸ್ತ್ರೀನ ಬಸ್ ಹತ್ತಿಸಿ. ಆಳುಗಳು ಸುಮ್ನೆ ಕೂತಿದ್ದಾರೆ ಇಲ್ಲಿ. ಆಮೇಲೆ ನೋಡೋದು."

"ಆಮೇಲೆ ಮಳೆ ಸಾರ್."

"ಅದಕ್ಕೇ ಹೇಳಿದ್ದು, ಮಳೆಗೆ ಮೊದ್ಲು ಔಷಧಿ ಮುಗೀಬೇಕು."

ಇಬ್ಬರೂ ಒಂದೇ ಮಳೆಯ ಮಾತಾಡುತ್ತಿದ್ದೆವು. ನೋಡ್ತೀನಿ ಸಾರ್ ಎಂದು ಫೋನ್ ಇಟ್ಟೆ. ಆದರೆ ಮೇಸ್ತ್ರಿ ಪಕ್ಕದಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಚೀಲ ಕಟ್ಟಿದರು. ನಾನು ವಾದ ಮಾಡಲಿಲ್ಲ. ವಾದ ಮಾಡಿದರೆ ಅವರು ಗೆಲ್ಲುತ್ತಾರೆ, ಗಂಟಲು ದೊಡ್ಡದು.

"ಹೋಗೋದಾದ್ರೆ ಹೋಗಿ ಮೇಸ್ತ್ರಿ. ಮಧ್ಯಾಹ್ನದ ಮೇಲೆ ನೇರ ಬಸ್ಸು ಒಂದೇ ಇರೋದು. ಅಲ್ಲೀ ತನಕ ಹಸ್ಕೊಂಡು ಯಾಕೆ ಇರ್ತೀರಿ? ಮೀನು ಊಟ ಮಾಡ್ಕೊಂಡು ಹೋಗಿ."

"ಎಲ್ಲಿ?"

"ಬಂದರಲ್ಲಿ."

ಮೀನು ಎಂದರೆ ನಮ್ಮ ಕಡೆ ಐಸ್ ಪೆಟ್ಟಿಗೆಯಲ್ಲಿ ಘಾಟಿ ಹತ್ತಿ ಬಂದದ್ದು. ಬಂದರಿನ ಮೀನು ಹೋಟೆಲಿಗೆ ನಾನು ಯಾವತ್ತೂ ಅವಸರ ಇದ್ದವರನ್ನು ಕರೆದುಕೊಂಡು ಹೋಗುತ್ತಿರಲಿಲ್ಲ. ಅಲ್ಲಿ ಮರದ ಬೆಂಚು, ಉಣ್ಣುವವರ ಬೆನ್ನ ಹಿಂದೆ ಮುಂದಿನವರು ಕಾಯುತ್ತ ನಿಂತಿರುತ್ತಾರೆ. ಬಂಗುಡೆ ಮೀನನ್ನು ಕಾವಲಿಯಲ್ಲಿ ಕಾಯಿಸುವುದು ನೀವು ಕೂತ ಮೇಲೆ. ಮೇಸ್ತ್ರಿ ಮೊದಲು ಎರಡು ಸಲ ಸೂರ್ಯನನ್ನು ನೋಡಿದರು. ಸಾರು ಬಂದ ಮೇಲೆ ನೋಡಲಿಲ್ಲ. ಹುಳಿ, ಖಾರ, ತೆಂಗಿನೆಣ್ಣೆ. ನಾನು ಹೆಚ್ಚು ತಿನ್ನಲು ಬಿಡಲಿಲ್ಲ, ಹೊಟ್ಟೆ ಗಟ್ಟಿಯಾಗಬಾರದು ಎಂದು ಡಾಕ್ಟರು ಹೇಳಿದ್ದರು. ಆದರೆ ಮುಳ್ಳು ಬಿಡಿಸಿ ಬಿಡಿಸಿ ನಿಧಾನಕ್ಕೆ ತಿನ್ನಿ ಎಂದು ಮಾತ್ರ ಹೇಳುತ್ತಲೇ ಇದ್ದೆ. ಬಸ್ ಸ್ಟ್ಯಾಂಡಿಗೆ ಬಂದಾಗ ಬಸ್ಸು ಇರಲಿಲ್ಲ.

ಮೇಸ್ತ್ರಿ ಖಾಲಿ ಜಾಗ ನೋಡಿದರು. ನನ್ನನ್ನು ನೋಡಿದರು. "ನಿಂಗೆ ಗೊತ್ತಿತ್ತು" ಎಂದರು.

"ಮೀನು ಚೆನ್ನಾಗಿತ್ತೋ ಇಲ್ವೋ ಅದು ಹೇಳಿ."

"ಮಾರಾಯ್ತಿ, ನೀನು ಆಯಾ ಅಲ್ಲ, ಪೊಲೀಸು."

ಗುರುವಾರ ಅವರು ಬೆಳಿಗ್ಗೆಯೇ ಹೊರಡುತ್ತೇನೆ ಎಂದು ಹಠ ಹಿಡಿದರು. ಆವತ್ತು ಉಪಯೋಗಕ್ಕೆ ಬಂದದ್ದು ಐಸ್‌ಕ್ರೀಮು. ಮಂಗಳೂರಿಗೆ ಬಂದವರೆಲ್ಲ ಗಡ್‌ಬಡ್ ತಿನ್ನುತ್ತಾರೆ: ಉದ್ದದ ಗಾಜಿನ ಲೋಟ, ಒಳಗೆ ಎರಡು ಮೂರು ಬಣ್ಣದ ಐಸ್‌ಕ್ರೀಮು, ನಡುವೆ ಹಣ್ಣು, ಜೆಲ್ಲಿ. ಔಷಧಿ ಕಹಿ ಎಂದು ಅಳುವ ಮಕ್ಕಳಿಗೆ ಕೊಡಿಸುತ್ತಿದ್ದೆ. ಬೆಳಿಗ್ಗೆ ಆ ಅಂಗಡಿ ತೆಗೆಯುವುದಿಲ್ಲ, ಹನ್ನೊಂದರವರೆಗೆ ಕಾಯಬೇಕು. ನಿಮ್ಮ ಮೊಮ್ಮಕ್ಕಳು ಗಡ್‌ಬಡ್ ತಿಂದ್ರಾ ಅಂತ ಕೇಳಿದ್ರೆ ಎಂತ ಹೇಳ್ತೀರಿ ಎಂದೆ, ಅಷ್ಟೇ. ಕಾದರು. ಮೀಸೆಗೆ ಕೆಂಪು ಜೆಲ್ಲಿ ಹತ್ತಿಸಿಕೊಂಡು, ಉದ್ದದ ಚಮಚ ತಳಕ್ಕೆ ಮುಟ್ಟುವುದಿಲ್ಲವೆಂದು ಅಂಗಡಿಯವನ ಜೊತೆ ವಾದಕ್ಕೆ ನಿಂತರು. ಹೊರಗೆ ಬಂದು, "ನಾಳೆ ಇದೂ ತಿನ್ನಂಗಿಲ್ವಾ?" ಎಂದರು.

"ಉಗುಳು ನುಂಗಿದ್ರೂ ನನ್ನನ್ನ ಕೇಳಿ ನುಂಗಿ" ಎಂದೆ. ಆಗ ತಿಳಿಯಿತು, ಇವರು ಹೋಗುವುದಿಲ್ಲ ಎಂದು. ಸಂಜೆ ಸೇರಿಸಿದೆ.

ಶುಕ್ರವಾರ ಬೆಳಕು ಹರಿಯುವಾಗ ಮೇಸ್ತ್ರಿಗೆ ನೋವು ಬಂತು. ಇದು ಯಾವಾಗಲೂ ಬರುವ ನೋವಲ್ಲ. ಉಬ್ಬು ಕಲ್ಲಾಗಿತ್ತು, ಒತ್ತಿದರೆ ಒಳಗೆ ಹೋಗುತ್ತಿರಲಿಲ್ಲ, ವಾಂತಿ ಶುರುವಾಯಿತು. ನರ್ಸನ್ನು ಕರೆದೆ, ಅವಳು ಡಾಕ್ಟರನ್ನು ಕರೆದಳು. ಅವತ್ತಿನ ಪಟ್ಟಿಯಲ್ಲಿದ್ದವರನ್ನೆಲ್ಲ ಹಿಂದಿಟ್ಟು ಇವರನ್ನು ಮೊದಲು ಒಳಗೆ ತೆಗೆದುಕೊಂಡರು. ಸುಶೀಲಳಿಗೆ ಫೋನ್ ಮಾಡಿದೆ. ಅವಳು ಹೊರಟ ಬಸ್ಸು ಘಾಟಿಯಲ್ಲಿ ಮರ ಬಿದ್ದು ನಿಂತಿತು. ಅವಳು ಬಂದು ಮುಟ್ಟಿದಾಗ ಮಧ್ಯಾಹ್ನ ಕಳೆದಿತ್ತು. ಅದೇ ರಸ್ತೆಯಲ್ಲಿ ಮೇಸ್ತ್ರಿಯನ್ನು ಇಳಿಸಿಕೊಂಡು ಬರಬೇಕಾಗಿದ್ದರೆ ಎಂದು ಯೋಚನೆ ಮಾಡಲು ನನಗೆ ಪುರುಸೊತ್ತಿರಲಿಲ್ಲ.

ಉಳಿದವರ ಆಪರೇಶನ್ನೂ ಮುಗಿಸಿದ ಮೇಲೆ ಡಾಕ್ಟರು ಹೊರಗೆ ಬಂದು ನಮ್ಮಿಬ್ಬರಿಗೂ ಹೇಳಿದರು. ಕರುಳಿನ ಒಂದು ತುಂಡು ಕಪ್ಪಾಗಲು ಶುರುವಾಗಿತ್ತು, ಬಿಸಿನೀರಿನ ಬಟ್ಟೆ ಇಟ್ಟು ಕಾದು ನೋಡಿದಾಗ ಬಣ್ಣ ಬಂತು, ಅದಕ್ಕೆ ಕತ್ತರಿಸಲಿಲ್ಲ. "ಆದರೆ ಅದು ಪುನಃ ಕೆಲಸ ಮಾಡ್ತದಾ ಅಂತ ನಾಳೆ ಗೊತ್ತಾಗಬೇಕು. ಗಾಳಿ ಹೋಗಬೇಕು. ಹೋದರೆ ಹೆದರಿಕೆ ಇಲ್ಲ. ಹೋಗದಿದ್ದರೆ ಇನ್ನೊಮ್ಮೆ ಹೊಟ್ಟೆ ಕೊಯ್ಯಬೇಕಾಗ್ತದೆ."

ಸುಶೀಲ ತಲೆಯಾಡಿಸಿದಳು. ಡಾಕ್ಟರು ಹೋದ ಮೇಲೆ, "ಎಂತ ಗಾಳಿ ಸೀತಕ್ಕ?" ಎಂದಳು. ಹೇಳಿದೆ. ಅವಳು ವರಾಂಡದ ಬೆಂಚಿನಲ್ಲಿ ಕೂತಳು. ಗಂಜಿ ತರುತ್ತೇನೆ ಎಂದೆ. "ಅವ್ರ ಬಾಯಿಗೆ ನೀರು ಬೀಳ್ಲಿ, ಆಮೇಲೆ." ಎಳನೀರು ತಂದೆ. ಮುಟ್ಟಲಿಲ್ಲ. ಅವಳನ್ನು ಅವತ್ತು ಬಲವಂತ ಮಾಡಲಿಲ್ಲ. ಗೋಡೆಯ ಪಕ್ಕಕ್ಕೆ ಕೂರಿಸಿದೆ, ಬಿದ್ದರೆ ಗೋಡೆಗೆ ಒರಗಲಿ ಎಂದು.

ಮಾರನೆಯ ಬೆಳಿಗ್ಗೆ ಡಾಕ್ಟರು ಮೊದಲು ನಮ್ಮ ಹಾಸಿಗೆಗೇ ಬಂದರು. ಹೊಟ್ಟೆಯ ಮೇಲೆ ಕಿವಿಗೊಳವೆ ಇಟ್ಟು ಕೇಳಿದರು.

"ಹೋಯ್ತಾ?"

"ಎಂತ ಹೋಯ್ತಾ?" ಮೇಸ್ತ್ರಿಯ ದನಿ ಸಣ್ಣಗಿತ್ತು.

ಸುಶೀಲ ಮುಖಕ್ಕೆ ಸೆರಗು ಹಾಕಿಕೊಂಡಳು. ಚಿಕ್ಕ ವಯಸ್ಸಿನ ನರ್ಸು ಕಿಟಕಿ ನೋಡಿದಳು.

"ಹೂಸು ಬಂತಾ ಮೇಸ್ತ್ರಿ?" ಎಂದು ನಾನೇ ಕೇಳಿದೆ.

ಅಕ್ಕಪಕ್ಕದ ಹಾಸಿಗೆಯವರೆಲ್ಲ ತಿರುಗಿದರು. ಮೇಸ್ತ್ರಿ ಕಣ್ಣು ಮುಚ್ಚಿಕೊಂಡರು. "ಇಷ್ಟು ಜನರ ಎದ್ರಿಗೆ ಕೇಳ್ತಿಯಲ್ಲ ಸೀತಕ್ಕ, ನಿಂಗೆ ಮಾನ ಮರ್ಯಾದೆ ಇಲ್ವಾ?... ಬೆಳಗಿನ ಜಾವವೇ ಬಂತು. ಎರಡು ಸಲ. ಇವ್ಳು ಪಕ್ಕದಲ್ಲಿದ್ಲು ಅಂತ ಸುಮ್ನಿದ್ದೆ."

"ನಂಗೆ ಹೇಳ್ಬಾರ್ದಾ!" ಎಂದು ಸುಶೀಲ ಸೆರಗಿನ ಒಳಗಿಂದಲೇ ಕೂಗಿದಳು. "ಬೆಳಗಿಂದ ನಾನು ಎಂತೆಲ್ಲ ದೇವ್ರಿಗೆ ಹೇಳ್ಕೊಂಡೆ!"

ಡಾಕ್ಟರು ನಕ್ಕು, ಚಮಚದಲ್ಲಿ ನೀರು ಶುರು ಮಾಡಿ ಎಂದು ನರ್ಸಿಗೆ ಹೇಳಿ ಹೋದರು.

ನಾನು ಸುಶೀಲಳ ರಟ್ಟೆ ಹಿಡಿದು ಎಬ್ಬಿಸಿದೆ. ಬೆಳಗಿನ ತಿಂಡಿಗೆ ಹೋಗುವ ಜಾಗವನ್ನು ಇನ್ನೂ ಬರೆದಿಲ್ಲ: ಬಸ್ ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲಿ, ಹೂವಿನವರು ಕೂರುವ ಮೂಲೆಯ ಒಳಗಡೆ, ನಾಲ್ಕೇ ಮೇಜಿನ ಹೋಟೆಲು. ಅಲ್ಲಿ ಬನ್ಸ್ ಮಾಡುತ್ತಾರೆ, ಬಾಳೆಹಣ್ಣು ಹಾಕಿ ಕಲಸಿದ ಹಿಟ್ಟಿನ ದಪ್ಪ ಪೂರಿ. ಒಂದು ತಟ್ಟೆ ಹೇಳಿದೆ. ಅವಳು ಮೊದಲನೆಯದನ್ನು ಚೂರು ಚೂರು ಮುರಿದು ತಿಂದಳು. ಎರಡನೆಯದನ್ನು ಎರಡೇ ತುಂಡು ಮಾಡಿದಳು. ಮತ್ತೊಂದು ತಟ್ಟೆ ಬಂದಾಗ, "ಚಟ್ನಿ ಇಷ್ಟೇನಾ?" ಎಂದು ತಂದವನನ್ನು ಗದರಿದಳು. ಇನ್ನು ಇವಳನ್ನು ನೋಡಬೇಕಾಗಿಲ್ಲ ಎಂದು ನಾನು ಮ್ಯಾನೇಜರಿಗೆ ಫೋನ್ ಮಾಡಿದೆ.

"ಸಾರ್, ಆಪರೇಶನ್ ಆಯ್ತು. ಈ ವರ್ಷ ಔಷಧಿ ಹೊಡೆಸಾಕೆ ಮೇಸ್ತ್ರಿ ಬರಲ್ಲ. ಬೇರೆಯವ್ರನ್ನ ನೋಡ್ಕೊಳ್ಳಿ."

ಅವರು ಇನ್ನೂ ಏನೋ ಹೇಳುತ್ತಿದ್ದರು. ಬನ್ಸ್ ಬಿಸಿ ಇದ್ದಾಗಲೇ ತಿನ್ನಬೇಕು. ಫೋನ್ ಇಟ್ಟೆ.